ರಿಮೋಟ್ ಕಾರಿಗೂ ಆಯುಧ ಪೂಜೆ

ಆಯುಧ ಪೂಜೆಯ ಮರುದಿನ ಅಳದಂಗಡಿಯ ಜೀಪ್ ಚಾಲಕ ಸಂಜೀವಣ್ಣ, ಮಕ್ಕಳಿಗಲ್ಲ, ತಾವೇ ಓಡಿಸಲು ತೆಗೆದುಕೊಂಡಿದ್ದ ರಿಮೋಟ್ ಕಾರನ್ನು ಬೆಳುವಾಯಿಯ ನಮ್ಮ ಜಗಲಿಯ ಮೇಲೆ ಕುಕ್ಕಿದರು.

"ಎಂಥ ಎಂಜಿನಿಯರ್ ಮಾರಾಯ ನೀನು? ಸ್ವಿಚ್ ಹಾಕಿದ್ದೇ ಹೊಗೆ ಬಂತು."

ಅದರ ವೇಗ ನಿಯಂತ್ರಿಸುವ ಸ್ಪೀಡ್ ಕಂಟ್ರೋಲರ್ ನಾನೇ ವಿನ್ಯಾಸ ಮಾಡಿ ಮಾರಿದ ಮೊದಲನೆಯದು. ಬೀಡಿ ಕಟ್ಟಿ ನನ್ನನ್ನು ಓದಿಸಿದ ಅಮ್ಮ, ಮನೆಯ ಮೊದಲ ಪದವೀಧರನ ಮುಖವನ್ನೇ ನೋಡುತ್ತಿದ್ದರು. ನನ್ನ ಲೆಕ್ಕವೇ ತಪ್ಪಿತೇನೋ ಎಂದು ಬೆವರುತ್ತಾ ಕಂಟ್ರೋಲರಿನ ಡಬ್ಬಿ ಬಿಚ್ಚಿದೆ. ಸರ್ಕ್ಯೂಟಿನ ತುಂಬ ಒದ್ದೆ ಗಂಧ, ಕುಂಕುಮ, ಮೇಲೊಂದು ಸೇವಂತಿಗೆ ಎಸಳು.

"ಇದಕ್ಕೆ ನೀರು ಹಾಕಿದ್ದೀರಾ?"

"ತೊಳೆಯದೆ ಪೂಜೆ ಉಂಟಾ? ಜೀಪಿಗೆ ಬಾನೆಟ್ ತೆಗೆದೇ ಬೊಟ್ಟು ಇಡ್ತೇನೆ. ಇದಕ್ಕೂ ಸ್ಕ್ರೂ ಬಿಚ್ಚಿ ಇಟ್ಟೆ."

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಅವರ ಪಕ್ಷ ಸೇರಿದರು. "ಇಡಬೇಕಲ್ಲ. ವಾಹನ ಅಲ್ವಾ?"

ಆಮೇಲಿನ ಎಲ್ಲ ಸರ್ಕ್ಯೂಟಿಗೂ ನೀರಿಳಿಯದಂತೆ ಅಂಟು ಸುರಿದು ಮುಚ್ಚಿದೆ. ಡಬ್ಬಿಯ ಮೇಲೆ ನಾಣ್ಯದಗಲ ಜಾಗ ಖಾಲಿ ಬಿಟ್ಟೆ. ಏಕೆಂದು ಬೆಂಗಳೂರಿನ ಗಿರಾಕಿಗಳು ಫೋನ್ ಮಾಡಿ ಕೇಳುತ್ತಿದ್ದರು. ಬೊಟ್ಟಿಡಲು ಎಂದರೆ ನಗುತ್ತಿದ್ದರು. ನವರಾತ್ರಿ ಕಳೆದ ಮೇಲೆ ಅವರಿಂದ ರಿಪೇರಿಗೆ ಬರುತ್ತಿದ್ದ ಡಬ್ಬಿಗಳಲ್ಲಿ ಆ ಜಾಗ ಕೆಂಪಾಗಿರುತ್ತಿತ್ತು.