ಅತ್ತೆ ಕಟ್ಟಿಟ್ಟ ಕಾಯಿ

ಮೊದಲೇ ಹೇಳಿಬಿಡುತ್ತೇನೆ, ಇಂಥದ್ದನ್ನೆಲ್ಲ ಯಾರಾದರೂ ಹೇಳಿದರೆ ನಾನು ನಕ್ಕು ಎದ್ದುಹೋಗುತ್ತಿದ್ದವಳು. ‘ದೇವರು ನೋಡಿಕೊಳ್ಳುತ್ತಾನೆ’ ಎನ್ನುವುದು ಕೈಲಾಗದವರ ಮಾತು ಎಂದೇ ತಿಳಿದಿದ್ದೆ. ಒಂದು ಅಂದವರಿಗೆ ಎರಡು ಅಂದು ಬರುವ ಜಾಯಮಾನ ನನ್ನದು. ಆದ್ದರಿಂದ ಈಗ ಬರೆಯುತ್ತಿರುವುದನ್ನು ನೀವು ನಂಬದಿದ್ದರೂ ನನಗೇನೂ ಬೇಸರವಿಲ್ಲ.

ನಮ್ಮದು ಕುಂದಾಪುರ ಕಡೆಯ ಕುಟುಂಬ. ಮಾವನವರ ಕಾಲದಿಂದ ತಮಿಳು ಸೀಮೆಯ ವೆಸ್ಟ್ ಮಾಂಬಲಂನಲ್ಲಿ, ಸ್ಟೇಷನ್ನಿಗೆ ಹೋಗುವ ಗಲ್ಲಿಯೊಂದರಲ್ಲಿ ಸಣ್ಣ ಹೋಟೆಲು ಇಟ್ಟುಕೊಂಡಿದ್ದೆವು. ಅಡುಗೆಗೆ ನಮ್ಮ ಯಜಮಾನರೇ ನಿಲ್ಲುತ್ತಿದ್ದರು. ಊರಿನಿಂದ ಕರೆತಂದ ದೂರದ ಸಂಬಂಧಿ ಸುಧಾಕರ ಅವರ ಕೈಕೆಳಗೆ ಕೆಲಸ ಕಲಿತ. ಚೆನ್ನಾಗಿ ಪಳಗಿದ ಮೇಲೆ ಪಕ್ಕದ ಬೀದಿಯಲ್ಲೇ ತನ್ನದೊಂದು ಹೋಟೆಲು ತೆರೆದ. ಯಜಮಾನರು ಹೋಗಿ ಹಾಲುಕ್ಕಿಸಿ, ಆಶೀರ್ವಾದ ಮಾಡಿ ಬಂದರು. ನನಗೆ ಮೈಯೆಲ್ಲ ಉರಿದಿತ್ತು, ಆ ಮಾತು ಬೇರೆ.

ಅದಾಗಿ ಕೆಲವು ತಿಂಗಳಿಗೆ, ನಮ್ಮಲ್ಲಿ ಊಟಕ್ಕೆ ಬಂದವನೊಬ್ಬ ಸಾಂಬಾರಿನಲ್ಲಿ ಸತ್ತ ಹಲ್ಲಿ ಇದೆಯೆಂದು ಬೊಬ್ಬೆ ಹೊಡೆದು ಮೊಬೈಲಿನಲ್ಲಿ ವಿಡಿಯೊ ಮಾಡಿದ. ಸಂಜೆಯೊಳಗೆ ಅದು ಮಾಂಬಲಂನ ಫ್ಲ್ಯಾಟುಗಳ ವಾಟ್ಸ್ಆ್ಯಪ್ ಗುಂಪುಗಳಲ್ಲೆಲ್ಲ ಓಡಾಡಿತು. ಹಳೆಯ ಗಿರಾಕಿಗಳೂ ಆಚೆ ಬದಿಯಿಂದ ನಡೆದುಹೋಗತೊಡಗಿದರು. ಕೊನೆಗೆ ಬಾಗಿಲು ಹಾಕಿದೆವು. ಆಮೇಲೊಂದು ದಿನ ತರಕಾರಿ ತರಲು ಹೋದವಳು ನೋಡುತ್ತೇನೆ, ಆ ವಿಡಿಯೊ ಮಾಡಿದ ಮಹಾನುಭಾವ ಸುಧಾಕರನ ಹೋಟೆಲಿನ ಗಲ್ಲಾದಲ್ಲಿ ಕೂತು ಬಿಲ್ಲು ಹರಿಯುತ್ತಿದ್ದಾನೆ! ಇನ್ನು ಯಾರನ್ನು ಕೇಳಬೇಕು ಹೇಳಿ?

ಯಜಮಾನರಿಗೆ ತಿಳಿಸಿದೆ. ಅವರು ಅಂದಿನಿಂದ ಅಡುಗೆಮನೆಗೆ ಕಾಲಿಡುವುದನ್ನೇ ಬಿಟ್ಟರು. ಕಾಫಿಗೆ ಡಿಕಾಕ್ಷನ್ ಕೂಡ ಹಾಕುತ್ತಿರಲಿಲ್ಲ. ಸೌಟು ಹಿಡಿದೇ ದೊಡ್ಡವರಾದ ಮನುಷ್ಯ ಕಿಟಕಿಯ ಹತ್ತಿರ ಕೈಕಟ್ಟಿ ಕೂತುಬಿಟ್ಟರು.

ಅತ್ತೆ ಮಾತ್ರ ಸ್ನಾನ ಮಾಡಿ ಬಂದು, ಒಂದು ತೆಂಗಿನಕಾಯಿಯನ್ನು ಅರಿಸಿನದಲ್ಲಿ ಅದ್ದಿದ ಬಟ್ಟೆಯಲ್ಲಿ ಕಟ್ಟಿ ದೇವರ ಮುಂದೆ ಇಟ್ಟರು. ನಮ್ಮ ಮನೆಯಲ್ಲಿ ಅನ್ಯಾಯವಾದಾಗ ಹೀಗೆ ಒಪ್ಪಿಸುವ ಪದ್ಧತಿ ಹಿಂದಿನಿಂದಲೂ ಉಂಟು. ತಪ್ಪು ಮಾಡಿದವರು ಬಂದು ಒಪ್ಪಿಕೊಂಡು ತಪ್ಪುಕಾಣಿಕೆ ಇಟ್ಟರೆ ಮಾತ್ರ ಗಂಟು ಬಿಚ್ಚುವುದು.

“ದೇವ್ರಿಗ್ ಒಪ್ಸಿ ಆಯ್ತ್ ಮಗಾ. ಇನ್ ನಾವ್ ಅದಕ್ಕೆ ಕೈ ಹಾಕುಕಾಗ” ಎಂದರು ನನ್ನ ಮುಖ ನೋಡಿ.

ನಾನು ಹೂಂ ಎಂದೆ. ಮನಸ್ಸಿನಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು. ಅಂದೇ ಅಡುಗೆಮನೆಯಲ್ಲಿ ಸಿಲಿಂಡರಿನ ಹಿಂದೆ ಹಲ್ಲಿಯೊಂದು ಸತ್ತು ಬಿದ್ದದ್ದು ಕಣ್ಣಿಗೆ ಬಿತ್ತು. ದೇವರೇ ಕಳಿಸಿದ ಎಂದುಕೊಂಡೆ, ನೋಡಿ ನನ್ನ ಬುದ್ಧಿ! ಅದನ್ನು ಖಾಲಿ ಮಾತ್ರೆಡಬ್ಬಿಗೆ ಹಾಕಿ, ಚೀಲದಲ್ಲಿಟ್ಟುಕೊಂಡು, ಮರುದಿನ ಮಧ್ಯಾಹ್ನ ಊಟದ ಗದ್ದಲದ ಹೊತ್ತಿಗೆ ಸುಧಾಕರನ ಹೋಟೆಲಿಗೆ ಹೋದೆ. ಅವನು ಒಳಗೆ ಅಡುಗೆಯಲ್ಲಿದ್ದ. ಬಡಿಸುವವರೆಲ್ಲ ಹೊಸಬರು, ಗಲ್ಲಾದವನ ಮುಖವನ್ನು ನಾನು ವಿಡಿಯೊದಲ್ಲಿ ಕಂಡಿದ್ದೆನೇ ಹೊರತು ಅವನಿಗೆ ನನ್ನ ಪರಿಚಯವಿರಲಿಲ್ಲ. ಮೂಲೆಯ ಮೇಜಿನಲ್ಲಿ ಕೂತೆ.

ಎಲೆ ಹಾಕಿ ಅನ್ನ, ಸಾಂಬಾರು ಬಡಿಸಿದರು. ತೊಡೆಯ ಮೇಲೆ ಡಬ್ಬಿಯ ಮುಚ್ಚಳ ತೆಗೆದಿಟ್ಟುಕೊಂಡೆ. ಯಾರಿಗೂ ಅನುಮಾನ ಬರದಿರಲಿ ಎಂದು ಒಂದು ತುತ್ತು ಕಲಸಿ ಬಾಯಿಗಿಟ್ಟೆ.

ಬಾಯಿಯಲ್ಲಿ ಏನೂ ಇಲ್ಲ. ಸಪ್ಪೆ ಎಂದರೆ ಅದೂ ಒಂದು ರುಚಿಯೇ. ಇದು ಹಾಗಲ್ಲ, ಒದ್ದೆ ಕಾಗದ ಅಗಿದ ಹಾಗೆ. ಉಪ್ಪಿನಕಾಯಿ ನೆಕ್ಕಿದೆ. ಇಲ್ಲ. ಎಲೆಯ ತುದಿಯ ಉಪ್ಪನ್ನೇ ಚಿಟಿಕೆ ತೆಗೆದು ನಾಲಗೆಗೆ ಹಚ್ಚಿದೆ. ಮರಳು ಹಚ್ಚಿದಂತಾಯಿತು. ಸುತ್ತಲಿನವರೆಲ್ಲ ಸುರ್ರೆಂದು ರಸ ಸುರಿದುಕೊಂಡು ಉಣ್ಣುತ್ತಿದ್ದಾರೆ. ಬಡಿಸುವವನು ಬಂದು, “ಅಕ್ಕಾ, ಸಾಂಬಾರ್ ಪೋಡಟ್ಟುಮಾ?” ಎಂದು, ಇನ್ನಷ್ಟು ಬಡಿಸಲೇ ಎನ್ನುತ್ತ ಸೌಟು ಎತ್ತಿದರೆ ಎಲೆಗೆ ಕೈ ಅಡ್ಡ ಹಿಡಿದೆ. ಹೆದರಿದೆ, ನಿಜವಾಗಿ ಹೆದರಿದೆ. ಡಬ್ಬಿ ಮುಚ್ಚಿ, ಊಟದ ದುಡ್ಡು ಇಟ್ಟು, ಎದ್ದು ಬಂದುಬಿಟ್ಟೆ.

ರೈಲ್ವೆ ಗೋಡೆಯ ಪಕ್ಕದ ಮೋರಿಗೆ ಡಬ್ಬಿಯನ್ನು ಎಸೆದೆ. ಸೆರಗಿನಿಂದ ಬೆವರು ಒರೆಸಿಕೊಂಡಾಗ ತುಟಿಗೆ ಉಪ್ಪುಪ್ಪಾಗಿ ತಾಗಿತು. ನಡುರಸ್ತೆಯಲ್ಲಿ ನಿಂತು ಅತ್ತುಬಿಟ್ಟೆ.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಬಿಸಿಲು, ಹಸಿವು, ಗಾಬರಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಸುಮಾರು ದಿನಗಳಾದ ಮೇಲೆ ಸುಧಾಕರ ನಮ್ಮ ಮನೆಗೆ ಬಂದ. ಮುಖ ಇಳಿದುಹೋಗಿತ್ತು. ನೆಟ್ಟಗೆ ಅತ್ತೆಯ ಕಾಲ ಬಳಿ ಕುಕ್ಕರಿಸಿದ. “ದೊಡ್ಡಮ್ಮ, ನಾಲ್ಗಿಗ್ ಎಂತದೂ ಗೊತ್ತಾತಿಲ್ಲೆ. ಉಪ್ಪೂ ಇಲ್ಲೆ, ಹುಳಿಯೂ ಇಲ್ಲೆ. ಡಾಕ್ಟ್ರಿಗೂ ಗೊತ್ತಾತಿಲ್ಲೆ” ಎಂದ. ಯಾವಾಗಿನಿಂದ ಎಂದು ನಾನೇ ಕೇಳಿದೆ. ಅವನು ಹೇಳಿದ್ದು, ನಾನು ಅವನ ಹೋಟೆಲಿನಿಂದ ಎದ್ದು ಬಂದ ಅದೇ ಮಧ್ಯಾಹ್ನ! ಊಟದ ಗದ್ದಲ ಮುಗಿಯುವ ಹೊತ್ತಿಗೆ ರಸದ ಹದ ನೋಡಿದನಂತೆ, ಏನೂ ತಿಳಿಯಲಿಲ್ಲವಂತೆ.

“ಆ ಕಾಯಿ ಬಿಚ್ಚಿಬಿಡಿ” ಎಂದು ದೇವರ ಮುಂದಿನ ಗಂಟಿನ ಕಡೆ ಕೈ ತೋರಿಸಿ ಬೇಡಿದ. ಸಂಬಂಧಿಯಲ್ಲವೇ, ಪದ್ಧತಿ ಅವನಿಗೂ ಗೊತ್ತಿದ್ದದ್ದೇ.

“ಮಾಡದ್ ಹೌದಂದ್ ಹೇಳ್, ತಪ್ಪ್ ಕಾಣ್ಕಿ ಇಡ್. ಈಗ್ಳೇ ಬಿಚ್ತೆ” ಎಂದರು ಅತ್ತೆ.

ಅವನು ಯಜಮಾನರ ಮುಖ ನೋಡಿದ. ಅವರು ಕಿಟಕಿಯಿಂದ ತಿರುಗಿ ಇವನನ್ನೇ ನೋಡುತ್ತಿದ್ದರು. “ನಾನ್ ಎಂತ ಮಾಡಿದ್ದೆ?” ಎಂದು ಗೊಣಗಿ ಎದ್ದುಹೋದ.

ಅವನು ಹೋದ ಮೇಲೆ ಅತ್ತೆಯನ್ನು ಕೇಳಿದೆ, ಅವನ ಹೆಸರು ಹೇಳಿ ಕಾಯಿ ಕಟ್ಟಿದಿರಾ ಎಂದು.

“ಹೆಸ್ರ್ ಹೇಳ್ಲಿಲ್ಲೆ ಮಗಾ” ಎಂದರು ದೀಪದ ಬತ್ತಿ ಸರಿಮಾಡುತ್ತ. “ನಾವ್ ಕಂಡದ್ದೇ ಸತ್ಯ ಅಂದ್ ಹೇಳುಕಾತ್ತಾ? ಅನ್ನಕ್ಕೆ ಹೊಲ್ಸ್ ಹಾಕ್ದವ್ರ್ ಯಾರೇ ಆಯ್ಲಿ, ಅವ್ರ್ ನಾಲ್ಗಿ ನೀನೇ ಕಾಣ್ ಅಂದೆ. ಅಷ್ಟೇ.”

ಅನ್ನಕ್ಕೆ ಹೊಲಸು ಹಾಕಲು ಹೊರಟವಳು ನಾನೂ ಆಗಿದ್ದೆನಲ್ಲ. ಅವರಿಗೆ ನನ್ನ ಡಬ್ಬಿಯ ವಿಷಯ ಗೊತ್ತಿತ್ತೋ ಇಲ್ಲವೋ, ಅಂದೂ ಕೇಳಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.

ಯಾವುದೋ ಜ್ವರ ಬಂದುಹೋದರೆ ನಾಲಗೆ ಕೆಡುತ್ತದೆ, ಗೊತ್ತು. ಸುಧಾಕರನಿಗೂ ಹಾಗೇ ಆಗಿರಬಹುದು. ಆದರೆ ನನಗೆ ಆ ಒಂದು ತುತ್ತಿನ ಹೊತ್ತು ಆದದ್ದೇನು? ಯಜಮಾನರು ಈಗ ಮತ್ತೆ ಅಡುಗೆಗೆ ಇಳಿದಿದ್ದಾರೆ, ಮನೆಯಿಂದಲೇ ಊಟ ಕಳಿಸುತ್ತೇವೆ. ಸುಧಾಕರನ ಹೋಟೆಲೂ ನಡೆಯುತ್ತಿದೆ, ಹದ ನೋಡಲು ಅವನು ಬೇರೆಯವರನ್ನು ಇಟ್ಟುಕೊಂಡಿದ್ದಾನೆ. ಕಾಯಿ ಇನ್ನೂ ದೇವರ ಮುಂದೆಯೇ ಇದೆ. ನಾನು ಬೆಳಿಗ್ಗೆ ಎದ್ದವಳು ಯಾರ ಹತ್ತಿರವೂ ಮಾತಾಡುವ ಮೊದಲು ಅಡುಗೆಮನೆಗೆ ಹೋಗಿ, ಒಂದು ಹರಳು ಉಪ್ಪನ್ನು ನಾಲಗೆಯ ಮೇಲಿಟ್ಟುಕೊಂಡು ನೋಡುತ್ತೇನೆ.