ಎಡಕ್ಕೆ ಮಾತ್ರ

ಕಬ್ಬಿಣದ ಗೇಟು ಸಿಮೆಂಟಿನ ಮೇಲೆ ಕರಕರ ಎಂದು ಜರುಗಿದರೆ ಓಣಿಯವರಿಗೆ ಗೊತ್ತು, ಲಾಂಡ್ರಿ ದೊಡ್ಡಮ್ಮ ಕಾರು ಹೊರತೆಗೆಯುತ್ತಿದ್ದಾರೆ. ಲಾಡ್ಜುಗಳ ಹಾಸಿಗೆ ಬಟ್ಟೆ ತುಂಬಿದ ವ್ಯಾನನ್ನು ಆಯುಸ್ಸಿಡೀ ಓಡಿಸಿದ ಹೆಂಗಸು.

ಈಗ ಒಂದೊಂದನ್ನೇ ಬಿಡುತ್ತ ಬಂದಿದ್ದಾರೆ. ಎದುರಿನ ದೀಪಗಳು ಕಣ್ಣಲ್ಲಿ ಒಡೆದು ಚೆಲ್ಲತೊಡಗಿದಾಗ ರಾತ್ರಿಯನ್ನು ಬಿಟ್ಟರು. ಆಮೇಲೆ ಮಳೆಯನ್ನು, ಹೆದ್ದಾರಿಯನ್ನು. ಕತ್ತು ಪೂರ್ತಿ ಹೊರಳದೆ, ಬಲಕ್ಕೆ ತಿರುಗುವಾಗ ಒಂದು ಸೈಕಲ್ಲು ಬಂಪರಿಗೆ ತಾಗಿದಂತೆ ನಿಂತ ದಿನ, ಬಲತಿರುವನ್ನೂ ಬಿಟ್ಟರು. ಸೈಕಲ್ಲಿನವಳು ಬೈಯಲಿಲ್ಲ, ಸುಮ್ಮನೆ ನೋಡಿದಳು. ಅಷ್ಟೇ ಸಾಕಾಯಿತು. ಅಂದಿನಿಂದ ಎಡ, ಮತ್ತೆ ಎಡ, ಮತ್ತೆ ಎಡ. ಹಾಗೆ ಬಳಸಿ ಬಂದು ಸಿಗ್ನಲ್ಲಿನಲ್ಲಿ ನೇರ ದಾಟಿದರೆ ದೊಡ್ಡ ರಸ್ತೆಯಾಚೆಯ ಆರೈಕೆ ಮನೆ. ಸೊಂಟ ಮುರಿದ ತಂಗಿ ಅಲ್ಲಿದ್ದಳು.

ಇವತ್ತು ಆ ಆರೈಕೆ ಮನೆಯನ್ನೇ ದೂರದ ಹೊಸ ಕಟ್ಟಡಕ್ಕೆ ಸಾಗಿಸುತ್ತಿದ್ದರು. ಅಲ್ಲಿಗೆ ಹೆದ್ದಾರಿಯೊಂದೇ ದಾರಿ. ಹೊರಡುವ ಮುಂಚೆ ತಂಗಿಯನ್ನು ನೋಡಲೇಬೇಕು. ಆದರೆ ಸಿಗ್ನಲ್ಲಿನಲ್ಲಿ ಪೈಪಿಗಾಗಿ ಅಗೆದು ನೇರ ದಾರಿ ಮುಚ್ಚಿದ್ದರು. ದೊಡ್ಡಮ್ಮ ಎಡಕ್ಕೆ ತಿರುಗಿದರು, ಸುತ್ತಿದರು, ಅಲ್ಲಿಗೇ ಬಂದರು. ಮತ್ತೆ ಸುತ್ತಿದರು. ಅದೇ ಔಷಧಿ ಅಂಗಡಿ, ಅದೇ ಗೋಡೆ. ಕಾರಿನೊಳಗೆ ಉಸಿರೂ ಬೆಚ್ಚಗಾಯಿತು.

ಫೋನು ಬಡಿದುಕೊಂಡಿತು. ಓಡಿಸುತ್ತಲೇ ಮಾತಾಡುವವರಲ್ಲ, ಎಡಕ್ಕಿದ್ದ ಪೆಟ್ರೋಲ್ ಬಂಕಿಗೆ ನುಗ್ಗಿಸಿ ನಿಲ್ಲಿಸಿದರು.

"ಬಾಲ್ಕನಿಯಿಂದ ನೋಡ್ತಾನೇ ಇದ್ದೀನಿ ಅಕ್ಕಾ. ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದೀಯಲ್ಲೇ!"

"ಬಾಯ್ಮುಚ್ಚೇ. ದಾರಿ ಮುಚ್ಚಿದ್ದಾರೆ."

"ಮುಂದೆ ಬಲಕ್ಕೆ ತಿರುಗೋಕೆ ಜಾಗ ಬಿಟ್ಟಿದ್ದಾರಲ್ಲ. ಎಲ್ರೂ ತಿರುಗ್ತಿದ್ದಾರೆ."

"ಎಲ್ರಿಗೂ ಕತ್ತು ತಿರುಗುತ್ತೆ."

ತಂಗಿ ನಗಲಿಲ್ಲ. "ವ್ಯಾನು ಬಂತು ಕಣೇ. ಮಂಚಗಳನ್ನ ಏರಿಸ್ತಿದ್ದಾರೆ. ಆಮೇಲೆ ನಮ್ಮನ್ನ."

ದೊಡ್ಡಮ್ಮ ಆ ತೆರಪನ್ನು ನೋಡಿದರು. ಲಾರಿ, ಸ್ಕೂಟರು, ಒಂದಿಷ್ಟು ಖಾಲಿ, ಮತ್ತೆ ಲಾರಿ. ಬಲಗಡೆಯ ಇಂಡಿಕೇಟರ್ ಹಾಕಿದರು. ಕನ್ನಡಿಯಲ್ಲಿ ಏನೋ ಸರಿದ ಹಾಗಾಯಿತು, ಏನೆಂದು ತಿಳಿಯಲಿಲ್ಲ. ಬೆರಳು ತಾನಾಗಿ ಇಂಡಿಕೇಟರ್ ಆರಿಸಿತು. ಎಂಜಿನ್ನನ್ನೂ.

ಬಂಕಿನ ಪಕ್ಕದಲ್ಲೇ ರಸ್ತೆ ದಾಟುವ ಮೇಲುಸೇತುವೆಯ ಮೆಟ್ಟಿಲುಗಳಿದ್ದವು. ಮಂಡಿಯ ನೋವಿಗೆ ಹೆದರಿ ಅವರು ಎಂದೂ ಅತ್ತ ತಲೆಯೆತ್ತಿರಲಿಲ್ಲ.

"ಎಷ್ಟಕ್ಕೆ ಹಾಕ್ಲಿ ಅಮ್ಮಾ?" ಬಂಕಿನವನು ಬಂದ.

"ಏನೂ ಬೇಡಪ್ಪ. ಗಾಡಿ ಇಲ್ಲೇ ಇರ್ಲಿ."

"ಅಯ್ಯೋ, ಇಲ್ಲಿ ನಿಲ್ಲಿಸೋ ಹಾಗಿಲ್ಲಮ್ಮಾ! ಹಿಂದೆ ನೋಡಿ, ಎಷ್ಟು ಗಾಡಿ!"

"ಹಾಗಾದ್ರೆ ಪಕ್ಕಕ್ಕೆ ತಳ್ಕೊಳ್ಳಪ್ಪ, ನ್ಯೂಟ್ರಲ್ಲಲ್ಲೇ ಇದೆ," ಎನ್ನುತ್ತ ಕಾರಿನಿಂದಿಳಿದ ದೊಡ್ಡಮ್ಮ ಕಂಬಿ ಹಿಡಿದು ಮೆಟ್ಟಿಲು ಹತ್ತತೊಡಗಿದರು, "ಸ್ಟೇರಿಂಗು ಸ್ವಲ್ಪ ಗಟ್ಟಿ, ಒಬ್ಬನ ಕೈಲಾಗಲ್ಲ, ಇನ್ನೊಬ್ರನ್ನ ಕರಿ, ನನ್ನ ತಂಗಿ ಅಲ್ಲಿ ಕಾಯ್ತಿದ್ದಾಳೆ."