ಎಡಿಟರಿಗೆ ಸಿಕ್ಕಿಸಿದ ಗಂಟೆ

ಎಗ್ಮೋರಿನ ಆ ಸಣ್ಣ ಆಫೀಸಿನಲ್ಲಿ ಟೈಪ್‌ರೈಟರುಗಳನ್ನೆಲ್ಲ ಮಾರಿ ಕಂಪ್ಯೂಟರ್ ತಂದಾಗ ನಾಗಮಣಿಯ ಕಿವಿಯ ಪಕ್ಕದ ಕೂದಲು ಬೆಳ್ಳಗಾಗತೊಡಗಿತ್ತು. ಮೈಸೂರಿನ ಕಡೆಯವಳು. ಅಪ್ಪನಿಗೆ ರೈಲ್ವೆಯಲ್ಲಿ ಕೆಲಸವಾದಾಗ ಮದ್ರಾಸಿಗೆ ಬಂದು, ಪುರಸೈವಾಕ್ಕಂನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹೈಯರ್ ಪರೀಕ್ಷೆ ಪಾಸು ಮಾಡಿದವಳು. ಕೀಲಿಗಳತ್ತ ನೋಡದೆ, ಪಕ್ಕದವರೊಡನೆ ಹರಟುತ್ತಲೇ ಪುಟ ಮುಗಿಸುತ್ತಿದ್ದಳು. ಅದಕ್ಕೇ ಮ್ಯಾನೇಜರ್ ರಾಮದಾಸರು ಅವಳನ್ನು ಕೆಲಸದಿಂದ ಕಳಿಸಲಿಲ್ಲ. ಪ್ರೋಗ್ರಾಮರುಗಳು ಹಾಳೆಯಲ್ಲಿ ಬರೆದುಕೊಟ್ಟದ್ದನ್ನು ಕಂಪ್ಯೂಟರಿನಲ್ಲಿ ಹೊಡೆಯುವ ಕೆಲಸ ಕೊಟ್ಟರು.

ಕೈಯೇನೋ ಗಾಳಿಯಂತೆ ಓಡಿತು. ಆದರೆ ಅವಳು ಹೊಡೆದ ಪ್ರೋಗ್ರಾಂ ಒಂದೂ ಓಡಲಿಲ್ಲ.

ಕಾರಣ ಹುಡುಕಿದವಳು ಸರಸ. ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನ ಅಡುಗೆಭಟ್ಟರ ಮಗಳು, ಆಫೀಸಿನ ಹೊಸ ಪ್ರೋಗ್ರಾಮರ್. ನಾಗಮಣಿ ಕಲಿತ ಹಳೆಯ ಟೈಪ್‌ರೈಟರಿನಲ್ಲಿ ಒಂದರ ಅಂಕಿಗೆ ಕೀಲಿಯೇ ಇರಲಿಲ್ಲ. ಇಂಗ್ಲಿಷಿನ ಸಣ್ಣ ‘ಎಲ್’ ಅಕ್ಷರವನ್ನೇ ಒಂದು ಎಂದು ಹೊಡೆಯುವುದು ರೂಢಿ. ಕಾಗದದ ಮೇಲೆ ಎರಡೂ ಒಂದೇ ಗೀಟು. ಬೆರಳು ಅದನ್ನು ಮರೆಯಲೊಲ್ಲದು, ಕಂಪ್ಯೂಟರ್ ಅದನ್ನು ಒಪ್ಪಲೊಲ್ಲದು. ಎಚ್ಚರ ವಹಿಸಿದರೆ ವೇಗ ಹೋಗುತ್ತಿತ್ತು, ವೇಗ ಬಂದರೆ ಹಿಂದೆಯೇ ಎಲ್ ಬರುತ್ತಿತ್ತು.

“ಬೇಜಾರು ಮಾಡ್ಕೋಬೇಡಿ ನಾಗಮಣಿ ಅವರೇ,” ಎಂದರು ರಾಮದಾಸರು. “ಶುಕ್ರವಾರದ ಕೆಲಸಾನೂ ಹೀಗೇ ಆದ್ರೆ ಬೇರೆಯವರನ್ನ ನೋಡ್ಬೇಕಾಗತ್ತೆ.”

ಹಿಂದಿರುಗಿ ಕೂರಲು ಟೈಪ್‌ರೈಟರ್ ಆದರೂ ಎಲ್ಲಿತ್ತು? ಅಂದು ಮಧ್ಯಾಹ್ನ ಮೊಸರನ್ನದ ಡಬ್ಬಿಯನ್ನು ಹಾಗೇ ಮುಚ್ಚಿಟ್ಟಳು.

“ಅಕ್ಕ, ಕಂಪ್ಯೂಟರಲ್ಲಿ ಹೊಡೀಲಿಕ್ಕೆ ನೀವು ತೆರೀತೀರಲ್ಲ, ಎಡಿಟರ್ ಅಂತ, ಅದಕ್ಕೆ ನಾವೇ ಬರೆದ ಸಣ್ಣ ಪ್ರೋಗ್ರಾಂ ಸಿಕ್ಕಿಸ್ಲಿಕ್ಕೆ ಆಗ್ತದೆ,” ಎಂದಳು ಸರಸ. “ಹೋಟ್ಲಲ್ಲಿ ಗ್ರೈಂಡರಿಗೆ ಕಾಯಿ ತುರಿಯುವುದು ಸಿಕ್ಕಿಸ್ತಾರಲ್ಲ, ಹಾಗೆ.”

“ಕಾಯಿ ತುರಿಯಲಿ ಕಣ್ಣಾ, ನನ್ನ ಬೆರಳು ತುರೀದಿದ್ರೆ ಶರಿ.”

ಸರಸ ಮೊದಲು ಸಿಕ್ಕಿಸಿದ್ದು ಒಂಟಿಯಾಗಿಯೋ ಅಂಕಿಯ ಪಕ್ಕವೋ ಬಂದ ಎಲ್ ಅನ್ನು ತಾನೇ ಒಂದು ಮಾಡುವಂಥದ್ದು. ಅದು ಅತಿಯಾಯಿತು. ಪ್ರೋಗ್ರಾಮಿನಲ್ಲಿ ಒಂದು ಮೊತ್ತಕ್ಕೆ ಇಟ್ಟ ಟೋಟಲ್ ಎಂಬ ಹೆಸರಿನ ಬಾಲಕ್ಕೆ ಎರಡರ ಅಂಕಿ ಇದ್ದಲ್ಲೂ, ಅದರ ಕೊನೆಯ ಎಲ್ ಕಳಚಿ ಒಂದು ಬಂದು ಕೂತಿತು. “ರೋಗಕ್ಕಿಂತ ಮದ್ದೇ ಜೋರು!” ಎಂದು ರಾಮದಾಸರು ನಕ್ಕರು. ನಾಗಮಣಿ ನಗಲಿಲ್ಲ.

ಗುರುವಾರ ಸಂಜೆ ಕಿಟಕಿಯ ಕೆಳಗೆ ಯಾರೋ ಸೈಕಲ್ ಬೆಲ್ಲು ಬಾರಿಸಿದರು. ಟೈಪ್ ಮಾಡುತ್ತಿದ್ದ ನಾಗಮಣಿಯ ಎಡಗೈ ತಟ್ಟನೆ ಮೇಲೆದ್ದು ಗಾಳಿಯಲ್ಲಿ ಏನನ್ನೋ ತಳ್ಳಿತು.

“ಎಂತ ಅಕ್ಕ, ಸೊಳ್ಳೆಯಾ?”

ನಾಗಮಣಿ ನಾಚಿಕೊಂಡಳು. “ಇಲ್ವೇ. ಸಾಲು ಮುಗಿಯೋಕೆ ಮುಂಚೆ ಟೈಪ್‌ರೈಟರ್ ಗಂಟೆ ಹೊಡೀತಿತ್ತಲ್ಲ? ಆ ಸದ್ದು ಕೇಳಿದ್ರೆ ಕೈ ತಾನಾಗೇ ಮುಂದಿನ ಸಾಲಿಗೆ ಹೋಗೋ ಲಿವರ್ ತಳ್ಳಕ್ಕೆ ಹೋಗತ್ತೆ.”

ಸರಸ ಅವಳ ಕೈಯನ್ನೇ ನೋಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು, ಸಿಕ್ಕಿಸಿದ್ದನ್ನು ಬಿಚ್ಚಿ ಮತ್ತೆ ಬರೆಯತೊಡಗಿದಳು.

ಶುಕ್ರವಾರ ಬೆಳಿಗ್ಗೆ ನಾಗಮಣಿ ಮೊದಲ ಹಾಳೆ ಹಿಡಿದಳು. ಒಂಟಿಯಾಗಿಯೋ ಅಂಕಿಯ ಪಕ್ಕವೋ ಎಲ್ ಬಂದೊಡನೆ ಕಂಪ್ಯೂಟರ್ ‘ಕೀಂ’ ಎಂದಿತು. ಏನನ್ನೂ ತಿದ್ದಲಿಲ್ಲ, ಬರೀ ಸದ್ದು. ಕೈ ನಿಂತಿತು. ಅಳಿಸಿ, ಒಂದು ಹೊಡೆದು ಮುಂದೆ ಹೋದಳು. ಟೋಟಲ್ ಬಂದಾಗಲೂ ಕೂಗಿತು. ಅದು ಸರಿಯೆಂದು ಕಣ್ಣಿಗೆ ಕಂಡಿತು, ದಾಟಿದಳು.

“ಏನಿದು, ಪೂಜೆನಾ?” ರಾಮದಾಸರು ಇಣುಕಿದರು.

“ಹೌದು ಸಾರ್. ಮಂಗಳಾರತಿವರೆಗೆ ಸ್ವಲ್ಪ ತಡ್ಕೊಳ್ಳಿ,” ಎಂದಳು ಸರಸ.

ಹಾಳೆಗಳು ಮುಗಿದವು. ಸರಸ ಪ್ರೋಗ್ರಾಮನ್ನು ಪರೀಕ್ಷೆಗೆ ಬಿಟ್ಟಳು. ಪ್ರತಿಸಲ ತಪ್ಪುಗಳು ಸಾಲುಗಟ್ಟಿ ಇಳಿಯುತ್ತಿದ್ದ ಪರದೆ ಖಾಲಿಯಾಗಿತ್ತು.

“ಯಾಕೆ ಸುಮ್ನಿದೆ? ಕೆಟ್ಟೋಯ್ತಾ?”

“ಸರಿ ಉಂಟು ಅಕ್ಕ. ಸರಿ ಇದ್ರೆ ಅದು ಮಾತಾಡುವುದಿಲ್ಲ.”

ರಾಮದಾಸರು ಪರದೆ ನೋಡಿದರು. “ಸೋಮವಾರದ ಕೆಲಸ ನನ್ನ ಮೇಜಿನ ಮೇಲಿದೆ ನಾಗಮಣಿ ಅವರೇ, ತಗೊಂಡು ಹೋಗಿ,” ಎಂದಷ್ಟೇ ಹೇಳಿ ಹೋದರು.

ನಾಗಮಣಿ ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡಳು. ಎಷ್ಟೋ ದಿನದಿಂದ ಬಿಗಿಹಿಡಿದಿದ್ದ ಉಸಿರು ಮೆಲ್ಲಗೆ ಹೊರಬಂತು. ಸಂಜೆ ಬಸ್ಸಿಗೆ ಕಾಯದೆ, ಗಾಳಿಗೆ ಮುಖ ಕೊಟ್ಟು ಪುರಸೈವಾಕ್ಕಂವರೆಗೂ ನಡೆದೇ ಹೋದಳು.

ದೀಪಾವಳಿಯ ಹೊತ್ತಿಗೆ ಟೋಟಲ್ ಬಂದಾಗಲಷ್ಟೇ ಗಂಟೆ ಕೇಳುತ್ತಿತ್ತು. “ತೆಗೀಲಾ ಅಕ್ಕ?” ಎಂದು ಸರಸ ಕೇಳಿದಳು.

“ಬೇಡ ಕಣೇ. ಅದರ ಪಾಡಿಗೆ ಅದು ಇರಲಿ,” ಎಂದು ನಾಗಮಣಿ ಪರದೆಯತ್ತ ನೋಡದೆ ಮುಂದಿನ ಸಾಲಿಗೆ ಕೈಹಾಕಿದಳು.